ಪದ ಪರಿಚಯ: ನರ

ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಇಡೀ ಶಿಫ್ಟ್ ನಿಂತೇ ದುಡಿಯುವವರ ಮೀನಖಂಡದ ಮೇಲೆ ಜೇಡರ ಬಲೆಯಂತೆ ನೀಲಿ ಗೆರೆ ಹರಡಿದರೆ, ನಮ್ಮ ಬಾಯಿಗೆ ಬರುವ ಮಾತು ‘ನರ ಎದ್ದಿದೆ’. ನರ ದ್ರಾವಿಡ ಪದ. ತಮಿಳಿನ ನರಂಬು, ತೆಲುಗಿನ ನರಮು ಇದರ ಒಡಹುಟ್ಟುಗಳು. ಚರ್ಮದಡಿ ದಾರದಂತೆ ಕಾಣುವುದೆಲ್ಲ ಆಡುಮಾತಿಗೆ ನರವೇ. ಸುಶ್ರುತ ಸಂಹಿತೆ 700 ಎಂದು ಎಣಿಸಿದ ‘ಸಿರಾ’ ಕನ್ನಡದಲ್ಲಿ ರಕ್ತನಾಳದ ಹೆಸರಾಗಿ ಸಿರೆಯಾದರೂ ಪುಸ್ತಕ ಬಿಟ್ಟು ಹೊರಬರಲಿಲ್ಲ. ಅತ್ತ ಆಸ್ಪತ್ರೆಯ ಬೋರ್ಡಿನಲ್ಲಿ ನರರೋಗ ತಜ್ಞರೆಂದರೆ ಮಿದುಳು, ನರಮಂಡಲ ನೋಡುವವರು. ಕಾಲಿನ ನೀಲಿ ಗೆರೆ ಸಿರೆ, ಅದು ಅವರದಲ್ಲ.

ಸಂದರ್ಭದಿಂದ ಅರ್ಥವಾಗುತ್ತದಲ್ಲ ಎನ್ನಬಹುದು. ಹರಟೆಗೆ ಸರಿ, ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಸಾಲದು. ಇಂಥ ಗೆರೆಗಳಿಗೆ ಮಾಡುವ ಸ್ಕ್ಲೆರೋಥೆರಪಿ ಎಂಬ ಚಿಕಿತ್ಸೆಯಲ್ಲಿ ಬಲು ಸಣ್ಣ ಸೂಜಿಯಿಂದ ಪಾಲಿಡೋಕನಾಲ್‌ನಂಥ ದ್ರಾವಣವನ್ನು ಸಿರೆಯೊಳಗೆ ಬಿಡುತ್ತಾರೆ. ಒಳಗೋಡೆ ಕೆರಳಿ ಅಂಟಿಕೊಳ್ಳುತ್ತದೆ, ರಕ್ತ ಬೇರೆ ದಾರಿ ಹಿಡಿಯುತ್ತದೆ, ಗೆರೆ ಕೆಲವು ವಾರಗಳಲ್ಲಿ ಮಾಸುತ್ತದೆ. ಇದನ್ನೇ ‘ನರ ಮುಚ್ಚುವ ಇಂಜೆಕ್ಷನ್’ ಎಂದರೆ ಕಾಲಿನ ಸ್ವಾಧೀನವೇ ಹೋದೀತೆಂದು ಯಾರಾದರೂ ಹೆದರಿಯಾರು. ಹಾಗೆಂದು ಸಿರೆಯನ್ನು ಹೇರಿದರೆ ಅದು ಸೀರೆಯೆಂದು ಕೇಳಿಸುತ್ತದೆ, ಆ ಆಕ್ಷೇಪ ನ್ಯಾಯವೇ. ಎಲ್ಲರಿಗೂ ಗೊತ್ತಿರುವ ‘ರಕ್ತನಾಳ’ ಇದೆಯಲ್ಲ, ವೈದ್ಯರು ಅದನ್ನೇ ಬಳಸಲಿ. ರೋಗಿ ನರ ಎಂದಾಗ ತಿದ್ದುವ ಬದಲು ‘ರಕ್ತದ ನರವೋ?’ ಎಂದು ಕೇಳಿಕೊಳ್ಳಲಿ.