ಅವ್ಯಕ್ತ ಪ್ರಕಾರ ಪರಿವರ್ತನೆ
ಡೇಟಾಬೇಸ್ ಕ್ವೆರಿಯಲ್ಲಿ ಹೋಲಿಸುವ ಎರಡು ಮೌಲ್ಯಗಳ ಡೇಟಾ ಟೈಪ್ ಬೇರೆಯಾದಾಗ, ತಂತ್ರಾಂಶವು ತಾನಾಗಿಯೇ ಒಂದನ್ನು ಇನ್ನೊಂದರ ರೂಪಕ್ಕೆ ತರುವ ಕ್ರಿಯೆ. ಉತ್ತರ ಸಾಮಾನ್ಯವಾಗಿ ಸರಿಯಾಗಿಯೇ ಬರುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ, ನಿಧಾನವೊಂದೇ ಸುಳಿವು.

ಮೈಎಸ್‌ಕ್ಯೂಎಲ್‌ನಲ್ಲಿ ವಾರ್‌ಚಾರ್ (ಪಠ್ಯ ರೂಪದ) ಕಾಲಂ ಒಂದನ್ನು ಉದ್ಧರಣ ಚಿಹ್ನೆಯಿಲ್ಲದ ಅಂಕಿಯೊಡನೆ ಹೋಲಿಸಿದರೆ, ಹುಡುಕಾಟವನ್ನು ಚುರುಕಾಗಿಸುವ ಇಂಡೆಕ್ಸ್ ನೆರವಿಗೆ ಬಾರದು. ‘1’, ‘01’, ‘1.0’ ಎಂಬ ಪಠ್ಯಗಳು ಮೂರೂ 1 ಎಂಬ ಸಂಖ್ಯೆಗೆ ಸಮವಾದ್ದರಿಂದ ಕೋಷ್ಟಕದ ಸಾಲುಗಳನ್ನೆಲ್ಲ ಓದಿ ಪರಿವರ್ತಿಸಿಯೇ ನೋಡಬೇಕಾಗುತ್ತದೆ. ಆದರೆ ಅಂಕಿಯ ಕಾಲಂಗೆ ಪಠ್ಯದ ಮೌಲ್ಯ ಕೊಟ್ಟರೆ ಈ ತೊಡಕಿಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಇದರ ಪತ್ತೆಗೆ, ಕ್ವೆರಿ ನಡೆಯುವ ಬಗೆಯನ್ನು ತೋರಿಸುವ ಎಕ್ಸ್‌ಪ್ಲೇನ್ ಆದೇಶವೇ ಮೊದಲ ಸಾಧನ: ‘ಪಾಸಿಬಲ್ ಕೀಸ್’ ಅಡಿಯಲ್ಲಿ ಇಂಡೆಕ್ಸ್‌ನ ಹೆಸರಿದ್ದೂ ‘ಕೀ’ ನಲ್ ಆಗಿದ್ದರೆ ಟೈಪ್‌ಗಳನ್ನು ಅನುಮಾನಿಸಬೇಕು. ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸಿಕ್ಯೂಷನ್ ಪ್ಲಾನ್‌ನಲ್ಲಿ ‘ಕನ್ವರ್ಟ್ ಇಂಪ್ಲಿಸಿಟ್’ ಎಂದು ಕಾಣುತ್ತದೆ. ಅಲ್ಲಿ ಹಲವು ಸಲ ತಪ್ಪು ಕ್ವೆರಿಯದಲ್ಲ; ಜಾವಾ ಡ್ರೈವರ್ ಪಠ್ಯವನ್ನು ಪೂರ್ವನಿಯೋಜಿತವಾಗಿ ಯೂನಿಕೋಡ್ ರೂಪದಲ್ಲೇ ಕಳಿಸುವುದರಿಂದ ಯೂನಿಕೋಡ್ ಅಲ್ಲದ ವಾರ್‌ಚಾರ್ ಕಾಲಂನೊಡನೆ ಟೈಪ್ ಬೇರೆಯಾಗುತ್ತದೆ.