ಮಿಂಚಂಚೆಯ ಒಕ್ಕಣೆ

ಕಾಗದ ಬರೆಯುವುದೂ ಒಂದು ವಿದ್ಯೆಯೆಂದು ನಮ್ಮ ಹಿರಿಯರು ತಿಳಿದಿದ್ದರು. ನಾನು ಶಾಲೆಯಲ್ಲಿದ್ದಾಗ ಪತ್ರಲೇಖನಕ್ಕೆಂದೇ ಪಾಠವಿತ್ತು. ತಂದೆಗೆ ‘ತೀರ್ಥರೂಪ’, ಕಿರಿಯರಿಗೆ ‘ಚಿರಂಜೀವಿ’. ಮೊದಲು ಕ್ಷೇಮ, ಆಮೇಲೆ ಕಾರ್ಯ, ಕೊನೆಗೆ ನಮಸ್ಕಾರ ಇಲ್ಲವೆ ಆಶೀರ್ವಾದ. ಇದಕ್ಕೆ ಒಕ್ಕಣೆಯೆಂದು ಹೆಸರು. ಲಕೋಟೆಯ ಮೂಲೆಗೆ ಅರಿಶಿನ ಹಚ್ಚಿದ್ದರೆ, ಒಡೆಯುವ ಮೊದಲೇ ಶುಭವಾರ್ತೆಯೆಂದು ಮನೆಮಂದಿಗೆಲ್ಲ ತಿಳಿಯುತ್ತಿತ್ತು. ಇಷ್ಟನ್ನು ಕಲಿತಿದ್ದ ನಾನು ಇಳಿವಯಸ್ಸಿನಲ್ಲಿ ಮಿಂಚಂಚೆಯ ಮುಂದೆ ಹೊಸಬನಾಗಿ ಕುಳಿತೆ. ಯಂತ್ರವನ್ನು ನಡೆಸುವುದು ಒಂದು ವಾರದಲ್ಲಿ ಬಂದಿತು. ಅದರ ಒಕ್ಕಣೆ ಕೈಹತ್ತಲು ವರ್ಷಗಳೇ ಹಿಡಿದವು. ಏಕೆ ಹೀಗಾಯಿತೆಂದು ವಿಚಾರಿಸುತ್ತ ಹೋದಾಗ, ಈ ಅಂಚೆ ಹುಟ್ಟಿದ ಬಗೆಯಲ್ಲಿಯೇ ಅದಕ್ಕೆ ಉತ್ತರವಿರುವುದು ಕಂಡಿತು.

1971ರ ಕೊನೆಯ ಭಾಗ. ಅಮೆರಿಕದ ಕೇಂಬ್ರಿಜ್ ನಗರದ ಒಂದು ಸಂಸ್ಥೆಯಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಕೆಲಸದಲ್ಲಿದ್ದರು. ಒಂದೇ ಗಣಕಯಂತ್ರವನ್ನು ಹಂಚಿಕೊಂಡವರು ಒಬ್ಬರಿಗೊಬ್ಬರು ಚೀಟಿ ಬರೆದಿಡುವ ವ್ಯವಸ್ಥೆ ಆ ಮೊದಲೇ ಇತ್ತು. ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿಸಿದ್ದ ಅರ್ಪಾನೆಟ್ ಎಂಬ ಜಾಲದ ಮೂಲಕ ಅಂಥ ಚೀಟಿಯನ್ನು ಇನ್ನೊಂದು ಯಂತ್ರಕ್ಕೂ ಕಳುಹಿಸಬಹುದೆಂದು ಅವರಿಗೆ ಹೊಳೆಯಿತು. ಹಾಗೆ ಮಾಡೆಂದು ಅವರಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಮೊದಲ ಸಂದೇಶ ಅಕ್ಕಪಕ್ಕದಲ್ಲಿದ್ದ ಎರಡು ಯಂತ್ರಗಳ ನಡುವೆ ಜಾಲವನ್ನು ಬಳಸಿಕೊಂಡು ಸಾಗಿತು. ಅದರಲ್ಲೇನಿತ್ತೆಂಬುದು ಅವರ ನೆನಪಿನಲ್ಲಿಯೂ ಉಳಿಯಲಿಲ್ಲ. ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಇಡಲು ಅವರು ಆರಿಸಿದ್ದು ವರ್ತಕರು ಲೆಕ್ಕದಲ್ಲಿ ದರವನ್ನು ಸೂಚಿಸಲು ಬಳಸುತ್ತಿದ್ದ, ಬಾಲ ಸುತ್ತಿಕೊಂಡ ಅಕ್ಷರದಂಥ ಚಿಹ್ನೆ. ನಾವು ಇಂದಿಗೂ ಅದನ್ನು ‘ಅಟ್ ದಿ ರೇಟ್’ ಎಂದೇ ಓದುತ್ತೇವೆ. ಅಂಗಡಿಯ ಪಟ್ಟಿಯ ವಾಸನೆ ಇನ್ನೂ ಹೋಗಿಲ್ಲ.

ಆ ಜಾಲವನ್ನು ಬಳಸುತ್ತಿದ್ದವರು ವಿದ್ವಾಂಸರು, ಎಂಜಿನಿಯರುಗಳು; ಬಹುಮಟ್ಟಿಗೆ ಒಬ್ಬರನ್ನೊಬ್ಬರು ಬಲ್ಲವರು. ಇಲ್ಲಿ ಹಿರಿಯರಿಗೂ ಅಪರಿಚಿತರಿಗೂ ಚುಟುಕಾಗಿ, ತಪ್ಪುತಡೆಗಳೊಡನೆಯೇ ಬರೆಯಬಹುದು, ಯಾರೂ ಬೇಸರಪಡುವುದಿಲ್ಲವೆಂದು ಲಿಕ್ಲೈಡರ್ ಮತ್ತು ವೆಜ್ಜಾ ಎಂಬಿಬ್ಬರು 1978ರಲ್ಲಿ ಮೆಚ್ಚಿ ಬರೆದರು. ಅದು ಒಂದೇ ಜಗಲಿಯ ಮೇಲೆ ಕುಳಿತವರ ಸಲಿಗೆ. 1982ರಲ್ಲಿ ಜಾನ್ ಪಾಸ್ಟೆಲ್ ಅವರು ಅಂಚೆಯ ಸಾಗಾಣಿಕೆಗೆ ಬರೆದ ನಿಯಮಗಳಲ್ಲಿಯೂ ಇದೇ ನಂಬಿಕೆ ನೆಲೆಸಿತ್ತು. ‘ಇಂಥವರಿಂದ’ ಎಂದು ಕಾಗದದ ಮೇಲಿದ್ದರೆ ಅದು ನಿಜವಾಗಿ ಅವರಿಂದಲೇ ಬಂದಿತೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಜಗಲಿಗೆ ಅಗುಳಿ ಏಕೆ?

ಆದರೆ ಸಲಿಗೆಯ ದುರುಪಯೋಗ ಆ ವೇಳೆಗಾಗಲೇ ನಡೆದಿತ್ತು. 1978ರ ಮೇ ತಿಂಗಳಲ್ಲಿ ಗ್ಯಾರಿ ಥುರ್ಕ್ ಎಂಬ ಮಾರಾಟಗಾರರು ತಮ್ಮ ಕಂಪನಿಯ ಹೊಸ ಗಣಕಯಂತ್ರವನ್ನು ನೋಡಲು ಬನ್ನಿರೆಂದು ಸುಮಾರು 400 ಮಂದಿಗೆ ಒಂದೇ ಬಾರಿಗೆ ಕರೆಯೋಲೆ ಕಳುಹಿಸಲು ಹೊರಟರು. ವಿಳಾಸಗಳ ಪಟ್ಟಿ ತನ್ನ ಅಂಕಣದಲ್ಲಿ ಹಿಡಿಯದೆ ಕಾಗದದ ಒಡಲೊಳಕ್ಕೇ ಉಕ್ಕಿ ಹರಿಯಿತು. ಜಾಲವಿರುವುದು ಸರ್ಕಾರಿ ಕಾರ್ಯಕ್ಕೆ, ವ್ಯಾಪಾರಕ್ಕಲ್ಲ ಎಂದು ಮೇಲ್ವಿಚಾರಕರು ಗದರಿಸಿದರು. ಕೇಳದೆ ಬರುವ ಜಾಹೀರಾತಿನ ಮಳೆಗೆ ಇದು ಮೊದಲ ಹನಿ.

ಇನ್ನೊಂದು ಕೊರತೆ ಇದಕ್ಕಿಂತ ಸೂಕ್ಷ್ಮವಾದುದು. ಎದುರಿಗೆ ಕುಳಿತವನ ನಗೆ ಕಾಣುತ್ತದೆ. ಪರದೆಯ ಮೇಲಿನ ಅಕ್ಷರಕ್ಕೆ ಮುಖವಿಲ್ಲ. 1982ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕಜಾಲದ ಸೂಚನಾಫಲಕದಲ್ಲಿ, ಲಿಫ್ಟಿನೊಳಗೆ ಪಾದರಸ ಚೆಲ್ಲಿದೆಯೆಂಬ ಹಾಸ್ಯವನ್ನು ಕೆಲವರು ನಿಜವಾದ ಎಚ್ಚರಿಕೆಯೆಂದೇ ಬಗೆದರು. ಆಗ ಸ್ಕಾಟ್ ಫಾಲ್ಮನ್ ಎಂಬ ವಿದ್ವಾಂಸರು ಸೆಪ್ಟೆಂಬರ್ 19ರಂದು ಒಂದು ಸಲಹೆ ಕೊಟ್ಟರು: ಹಾಸ್ಯವಾದರೆ ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಕಂಸ ಹಾಕಿರಿ; ತಲೆ ಓರೆಮಾಡಿ ನೋಡಿದರೆ ನಗುಮುಖ ಕಾಣುತ್ತದೆ. ಇಂದಿನ ಹುಡುಗರ ಬಗೆಬಗೆಯ ಮುಖಚಿತ್ರಗಳ ಹಿರಿಯಜ್ಜ ಇದು.

ಈ ಕೊರತೆಯ ಪೆಟ್ಟನ್ನು ನಾನೂ ತಿಂದಿದ್ದೇನೆ. ಹೇಳಿಕೊಳ್ಳಲು ಸಂಕೋಚವಾದರೂ ಹೇಳುತ್ತೇನೆ. ಹಿರಿಯ ಮಿತ್ರರೊಬ್ಬರು ತಮ್ಮ ಕೆಲವು ಪದ್ಯಗಳನ್ನು ಹತ್ತು ಮಂದಿ ಗೆಳೆಯರಿಗೆ ಕಳುಹಿಸಿ ಅಭಿಪ್ರಾಯ ಕೇಳಿದ್ದರು. ನಾನು ಅವರಲ್ಲೊಬ್ಬನಿಗೆ ಮಾತ್ರವೆಂದು ಭಾವಿಸಿ, ಪದ್ಯಗಳನ್ನು ಕುರಿತು ಒಂದು ಚುಚ್ಚುಮಾತು ಬರೆದು, ಎಲ್ಲರಿಗೂ ಉತ್ತರ ಹೋಗುವ ಗುಂಡಿಯನ್ನು ಒತ್ತಿಬಿಟ್ಟೆ. ಅಂಚೆಪೆಟ್ಟಿಗೆಗೆ ಹಾಕಿದ ಕಾಗದವನ್ನಾದರೆ ಡಬ್ಬ ತೆರೆಯುವವನಿಗಾಗಿ ಕಾದು ನಿಂತು ಬೇಡಿಕೊಳ್ಳಬಹುದಿತ್ತೋ ಏನೋ; ಇಲ್ಲಿ ಅದಕ್ಕೂ ಎಡೆಯಿರಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟು ಉಪಚರಿಸಿದರು, ಆ ಮಾತನ್ನೇ ಎತ್ತಲಿಲ್ಲ. ಆದರೆ ಬದುಕಿರುವಷ್ಟು ಕಾಲ ತಮ್ಮ ಬರಹವನ್ನು ಮತ್ತೆಂದೂ ನನಗೆ ತೋರಿಸಲಿಲ್ಲ.

ನಾನು ಪೆಟ್ಟು ತಿಂದು ಕಲಿತದ್ದನ್ನು ಇತರರು ಮೊದಲೇ ಬರೆದಿಟ್ಟಿದ್ದರು. ಜಗಲಿ ಸಂತೆಯಾಗುತ್ತಿದ್ದ ಕಾಲದಲ್ಲಿ, ಅಂದರೆ 1995ರ ಅಕ್ಟೋಬರಿನಲ್ಲಿ, ಸ್ಯಾಲಿ ಹ್ಯಾಂಬ್ರಿಜ್ ಎಂಬುವರು ಜಾಲದ ಶಿಷ್ಟಾಚಾರವನ್ನು ಸಂಗ್ರಹಿಸಿ ಪ್ರಕಟಿಸಿದರು. ಕಾರ್ಡಿನಲ್ಲಿ ಬರೆಯಲಾಗದ ಮಾತನ್ನು ಇಲ್ಲಿಯೂ ಬರೆಯಬೇಡಿ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆದರೆ ಅರಚಿದಂತಾಗುತ್ತದೆ. ಸರಪಳಿ ಪತ್ರಗಳನ್ನು ಮುಂದಕ್ಕೆ ಕಳುಹಿಸಬೇಡಿ. ಸಿಟ್ಟು ಬಂದಾಗ ಒಂದು ರಾತ್ರಿ ಕಳೆದ ಮೇಲೆ ಉತ್ತರಿಸಿ ಎಂಬುದು ಅದರ ಸಾರಾಂಶ. 1879ರಲ್ಲಿ ಕಾಲಾಣೆಯ ಕಾರ್ಡು ಬಂದಂದಿನಿಂದ ನಾವು ಬಲ್ಲ ವಿವೇಕವೇ ಇದು. ಕಾರ್ಡನ್ನು ಅಂಚೆಯವನೂ ಓದಬಲ್ಲನೆಂದು ಅಜ್ಜಿಗೂ ಗೊತ್ತಿತ್ತು.

ಅದೇ 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಅಂತರಜಾಲ ಸಾರ್ವಜನಿಕರಿಗೆ ತೆರೆಯಿತು. ಮರುವರ್ಷ ಜುಲೈ 4ರಂದು, ಬೆಂಗಳೂರಿನಲ್ಲಿ ಶಾಲೆ ಕಲಿತಿದ್ದ ಸಬೀರ್ ಭಾಟಿಯಾ ಮತ್ತು ಅವರ ಮಿತ್ರ ಜ್ಯಾಕ್ ಸ್ಮಿತ್ ಅಮೆರಿಕದಲ್ಲಿ ಹಾಟ್‌ಮೇಲನ್ನು ಆರಂಭಿಸಿದರು. ಎಲ್ಲಿಯ ಯಂತ್ರದಿಂದಾದರೂ ಕಾಸಿಲ್ಲದೆ ಕಾಗದ ಬರೆಯಬಹುದಾಯಿತು.

ಕಳ್ಳನಿಗೂ ಅದೇ ಬಾಗಿಲು ತೆರೆಯಿತು. 2000ದ ಮೇ 4ರಂದು ಫಿಲಿಪೈನ್ಸ್ ದೇಶದಿಂದ ಹೊರಟ ಒಂದು ಓಲೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ತಲೆಬರಹ ಹೊತ್ತಿತ್ತು. ಜೊತೆಗಿದ್ದ ಪ್ರೇಮಪತ್ರವನ್ನು ತೆರೆದರೆ, ಅದು ಯಂತ್ರದಲ್ಲಿನ ಕಡತಗಳನ್ನು ಹಾಳುಮಾಡಿ, ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. ಹೀಗಾಗಿ ಅದು ಪ್ರತಿಯೊಬ್ಬನಿಗೂ ಬಂದದ್ದು ಬಲ್ಲವರ ಹೆಸರಿನಲ್ಲಿಯೇ. ಜಗತ್ತಿನ ಎಷ್ಟೋ ಕಚೇರಿಗಳು ಅಂದು ಅಂಚೆಯನ್ನೇ ನಿಲ್ಲಿಸಬೇಕಾಯಿತು. ಕಳುಹಿಸಿದವರ ಗುರುತನ್ನು ಪರೀಕ್ಷಿಸುವ ಉಪಾಯಗಳು ಈಚೆಗೆ ಬಂದಿವೆ. ಆದರೆ ಗೆಳೆಯನ ಗುಪ್ತಪದವೇ ಕಳುವಾಗಿದ್ದರೆ ಆ ಉಪಾಯಗಳೂ ಮೋಸಹೋಗುತ್ತವೆ. ‘ಪರದೇಶದಲ್ಲಿ ಸಿಕ್ಕಿಬಿದ್ದಿದ್ದೇನೆ, ಒಡನೆಯೇ ಹಣ ಕಳುಹಿಸು’ ಎಂದು ಬಂದರೆ, ಉತ್ತರ ಬರೆಯುವುದಕ್ಕೆ ಮೊದಲು ಅವನಿಗೆ ಫೋನು ಮಾಡಿ ದನಿ ಕೇಳುವುದು ಲೇಸು. ಗುಪ್ತಪದವನ್ನು ಕೇಳಿ ಬಂದ ಕಾಗದಕ್ಕಂತೂ, ಅದು ಬ್ಯಾಂಕಿನ ಹೆಸರಿನಲ್ಲಿಯೇ ಇರಲಿ, ಉತ್ತರವನ್ನೇ ಕೊಡಬಾರದು.

ಬಲ್ಲವರ ದನಿಯಲ್ಲಿ ಕರೆಯುವ ದೆವ್ವದ ಕತೆ ನಮ್ಮ ಊರುಗಳಲ್ಲಿ ಹೊಸದಲ್ಲ. ಅದಕ್ಕೆ ಮದ್ದೆಂದು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವದ ಮಾತು ಹಾಗಿರಲಿ, ಮಿಂಚಂಚೆಗೆ ಇದಕ್ಕಿಂತ ಒಳ್ಳೆಯ ಒಕ್ಕಣೆಯನ್ನು ನಾನು ಕಂಡಿಲ್ಲ. ಅವಸರಪಡಿಸುವ ಅಪರಿಚಿತನಿಗೆ ಹೇಳಬೇಕಾದದ್ದೂ ಅದೇ, ನಮ್ಮೊಳಗೆ ಏಳುವ ಸಿಟ್ಟಿಗೂ ಚುಚ್ಚುಮಾತಿಗೂ ಹೇಳಬೇಕಾದದ್ದೂ ಅದೇ. ನಾನೀಗ ಬರೆದುದನ್ನು ಒಮ್ಮೆ ಓದಿ, ಯಾರಿಗೆ ಹೋಗುತ್ತದೆಂದು ಮೇಲಿನ ಹೆಸರುಗಳನ್ನು ಇನ್ನೊಮ್ಮೆ ನೋಡಿ, ಆಮೇಲೆ ಗುಂಡಿಯನ್ನು ಒತ್ತುತ್ತೇನೆ. ಆಗೆಲ್ಲ ಆ ಮಿತ್ರರು ಕೊಟ್ಟ ಕಾಫಿ ನೆನಪಾಗುತ್ತದೆ.

(ಬಾನುಲಿ ಭಾಷಣ)