ಕಾಫಿ ಕಣದಲ್ಲೊಂದು ಗಗನನೌಕೆ

ಕಳೆದ ಡಿಸೆಂಬರಿನಲ್ಲಿ ಮೂಡಿಗೆರೆ ಹತ್ತಿರದ ಒಂದು ತೋಟದ ಕಣದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಒಣಗ್ತಾ ಇತ್ತು. ಅದರ ಪಕ್ಕದಲ್ಲೇ, ಹಳೇ ಕಿಟಕಿ ಗಾಜಿಗೆ ಟೇಪ್ ಹಾಕಿ ಅಂಟಿಸಿದ ಅಂಗೈ ಅಗಲದ ಒಂದು ಹಳದಿ ಕಾಗದವೂ ಬಿಸಿಲು ಕಾಯಿಸ್ತಾ ಇತ್ತು. ಕಾಫಿ ಕೆದಕುತ್ತಿದ್ದ ಅಕ್ಕ ಒಬ್ಬರು ಬಗ್ಗಿ ನೋಡಿ, “ಇದೆಂತದು, ಯಾರದಾದ್ರೂ ಜಾತಕವಾ?” ಅಂದರು.

ಜಾತಕ ಅಲ್ಲ, ಡಿಕಾಲ್. ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ಪ್ಲಾಸ್ಟಿಕ್ ಮಾದರಿಯ ಮೇಲೆ ಕೂರಿಸುವ ತೆಳು ಚಿತ್ರ. ಇದರಲ್ಲಿ ಒಂದು ಗಗನನೌಕೆಯ ಹೆಸರು, ನಂಬರು, ಕೆಂಪು ಪಟ್ಟಿಗಳಿದ್ದವು. ಸುಮಾರು ನಲವತ್ತು ವರ್ಷ ಡಬ್ಬಿಯಲ್ಲಿದ್ದು ಹಳದಿಗಟ್ಟಿತ್ತು. ಹಾಗೆ ಹಳದಿಗಟ್ಟಿದ್ದನ್ನ ತಿಳಿಯಾಗಿಸೋಕೆ ಹವ್ಯಾಸಿಗಳು ಬಳಸೋ ಹಳೇ ಉಪಾಯ ಬಿಸಿಲು. ಮಲೆನಾಡಿನಲ್ಲಿ ನಂಬಬಹುದಾದ ಬಿಸಿಲು ಬೇಕಾದರೆ ಕಾಫಿ ಕಣಕ್ಕಿಂತ ಒಳ್ಳೆ ಜಾಗ ಯಾವುದಿದೆ ಹೇಳಿ.

ನಾವು ನಾಲ್ಕು ಜನ ಇದ್ದೀವಿ. ಒಬ್ಬ ತೋಟದಲ್ಲಿ ರೈಟರ್, ಒಬ್ಬ ಮೊಬೈಲ್ ರಿಪೇರಿ ಅಂಗಡಿಯವನು, ಕಳಸದಿಂದ ಬರುವ ಹಿರಿಯರೊಬ್ಬರು, ಮತ್ತೆ ನಾನು. ತಿಂಗಳಿಗೊಮ್ಮೆ ಭಾನುವಾರ ಗೋಡೌನಿನ ಒಂದು ಮೂಲೆಯಲ್ಲಿ ಕೂತು ಗಗನನೌಕೆಗಳ ಮಾದರಿ ಕಟ್ತೀವಿ. ಸಿನಿಮಾ, ಸೀರಿಯಲ್‌ನಲ್ಲಿ ಬರೋ ಹಡಗುಗಳು. “ಇಷ್ಟು ವಯಸ್ಸಾಗಿ ಆಟಿಕೆ ಸಾಮಾನಾ?” ಅಂತ ಕೇಳುವವರಿಗೆ ಉತ್ತರ ಕೊಡೋಣ ಅಂತ ಇದರ ಇತಿಹಾಸ ಹುಡುಕೋಕೆ ಹೋದೆ. ಹೋಗಿ ನೋಡಿದರೆ ಅದು ಸುಂಕ, ಆಮದು, ಗುಜರಿ ಸಾಮಾನಿನ ಕಥೆ. ಬಿ.ಕಾಂ. ಓದಿದ್ದು ಒಂದು ಕೆಲಸಕ್ಕಾದರೂ ಬಂತು.

ಮೊದಲು ಟ್ರ್ಯಾಕ್ಟರ್‌ನಿಂದ ಶುರು ಮಾಡ್ತೀನಿ. ಬ್ರಿಟನ್ನಿನ ಏರ್‌ಫಿಕ್ಸ್ ಹೆಸರು ಕೇಳಿದರೆ ಮಾದರಿ ಕಟ್ಟುವವರಿಗೆ ವಿಮಾನ ನೆನಪಾಗುತ್ತೆ. ಆದರೆ 1939ರಲ್ಲಿ ಶುರುವಾದಾಗ ಅದು ಗಾಳಿ ತುಂಬಿದ ಆಟಿಕೆ ಮಾಡ್ತಿತ್ತು. 1949ರಲ್ಲಿ ಫರ್ಗುಸನ್ ಕಂಪನಿಯವರು ತಮ್ಮ ಟ್ರ್ಯಾಕ್ಟರಿನ ಪುಟ್ಟ ಪ್ಲಾಸ್ಟಿಕ್ ಮಾದರಿಯನ್ನ ಅವರಿಂದ ಮಾಡಿಸಿಕೊಂಡರು. ಮಾರಾಟಗಾರರು ರೈತರಿಗೆ ತೋರಿಸೋಕೆ. ಅದೇ ಮಾದರಿ ಮುಂದೆ ಬಿಡಿ ಭಾಗಗಳ ಕಿಟ್ ಆಗಿಯೂ ಅಂಗಡಿಗೆ ಬಂತು. ಆ ಫರ್ಗುಸನ್ನಿನ ವಂಶದವೇ ನಮ್ಮ ಕಡೆ ಇವತ್ತಿಗೂ ಓಡಾಡೋ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರುಗಳು. 1952ರಲ್ಲಿ ಏರ್‌ಫಿಕ್ಸ್ ‘ಗೋಲ್ಡನ್ ಹೈಂಡ್’ ಅನ್ನೋ ಹಾಯಿ ಹಡಗನ್ನ ಚೀಲದಲ್ಲಿ ಹಾಕಿ ಎರಡು ಶಿಲ್ಲಿಂಗ್‌ಗೆ ಮಾರಿತು. ಅಲ್ಲಿಂದ ಈ ಹವ್ಯಾಸ ಸಾಮಾನ್ಯರ ಕೈಗೆ ಸಿಕ್ಕಿತು.

ಗಗನನೌಕೆ ಬಂದಿದ್ದು ಆಮೇಲೆ. ಅಮೆರಿಕದ ಎಎಂಟಿ ಕಾರುಗಳ ಮಾದರಿ ಮಾಡುವ ಕಂಪನಿ. 1966ರಲ್ಲಿ ‘ಸ್ಟಾರ್ ಟ್ರೆಕ್’ ಸೀರಿಯಲ್ ಶುರುವಾದಾಗ ಅದರ ‘ಎಂಟರ್‌ಪ್ರೈಸ್’ ಹಡಗಿನ ಕಿಟ್ ತಂದಿತು. ಇಲ್ಲೊಂದು ವ್ಯಾಪಾರ ಇದೆ. ಕತೆಗೆ ಒಂದು ಚಿಕ್ಕ ನೌಕೆ ಬೇಕಿತ್ತು, ನಿರ್ಮಾಪಕರ ಹತ್ತಿರ ದುಡ್ಡಿರಲಿಲ್ಲ. ಎಎಂಟಿಯವರು ಪೂರ್ತಿ ಗಾತ್ರದ ನೌಕೆಯನ್ನೇ ಕಟ್ಟಿಸಿಕೊಟ್ಟು, ಬದಲಿಗೆ ಕಿಟ್ ಮಾರುವ ಹಕ್ಕು ತಗೊಂಡರು. ನಮ್ಮಜ್ಜಿ ಮೆಣಸು ಕೊಟ್ಟು ಉಪ್ಪು ತಂದ ಹಾಗೆ.

ಇದಕ್ಕಿಂತ ಸ್ವಾರಸ್ಯ ಇರೋದು ಸಿನಿಮಾದವರು ಹಡಗು ಕಟ್ಟಿದ ರೀತಿಯಲ್ಲಿ. 1972ರ ‘ಸೈಲೆಂಟ್ ರನ್ನಿಂಗ್’ ಚಿತ್ರದಲ್ಲಿ ಭೂಮಿಯ ಕೊನೆಯ ಕಾಡುಗಳನ್ನ ಗಾಜಿನ ಗುಮ್ಮಟದಲ್ಲಿಟ್ಟು ಹೊತ್ತೊಯ್ಯುವ ಹಡಗಿದೆ. ಅದರ ಮಾದರಿ ಸುಮಾರು 26 ಅಡಿ ಉದ್ದ. ಅದರ ಮೈಮೇಲೆ ಕಾಣುವ ಯಂತ್ರದ ಭಾಗಗಳಲ್ಲಿ ಬಹಳಷ್ಟು ಜರ್ಮನ್ ಯುದ್ಧ ಟ್ಯಾಂಕುಗಳ ಆಟಿಕೆ ಕಿಟ್‌ಗಳಿಂದ ಕಿತ್ತ ಚೂರು. 1977ರ ‘ಸ್ಟಾರ್ ವಾರ್ಸ್’ನಲ್ಲೂ ಅಷ್ಟೇ. ಮೊದಲ ದೃಶ್ಯದಲ್ಲಿ ತಲೆ ಮೇಲೆ ಹಾದುಹೋಗ್ತಾನೇ ಇರುತ್ತಲ್ಲ, ಆ ದೈತ್ಯ ಹಡಗಿನ ಮಾದರಿ ಸುಮಾರು ಮೂರೇ ಅಡಿ. ಟ್ಯಾಂಕು, ಕಾರು, ಯುದ್ಧನೌಕೆಗಳ ಕಿಟ್‌ಗಳ ಬಿಡಿಭಾಗ ಅಂಟಿಸಿ ಅಂಟಿಸಿ ಅಷ್ಟು ದೊಡ್ಡದಾಗಿ ಕಾಣಿಸಿದರು. ಅಂಥ ಚೂರುಗಳಿಗೆ ಅವರು ಇಟ್ಟ ಹೆಸರು ‘ಗ್ರೀಬ್ಲಿ’. ಎರಡು ಕಿಟ್ ಕಲಸಿ ಮೂರನೆಯದು ಮಾಡೋದಕ್ಕೆ ‘ಕಿಟ್‌ಬ್ಯಾಶಿಂಗ್’ ಅಂತಾರೆ.

ಅಂದರೆ ನಾವು ನೋಡಿ ಬೆರಗಾಗುವ ಹಡಗುಗಳೇ ಬೇರೆ ಸಾಮಾನಿನ ಉಳಿಕೆಯಿಂದ ಹುಟ್ಟಿದವು. ನಮ್ಮ ಬೆಟ್ಟಕ್ಕೆ ಈ ಹವ್ಯಾಸ ಒಗ್ಗಿದ್ದು ಇದೇ ಕಾರಣಕ್ಕೆ ಅಂತ ನನ್ನ ಲೆಕ್ಕ. ಯಾಕಂದ್ರೆ ಕಿಟ್ ಡಬ್ಬಿ ಇಲ್ಲಿಗೆ ಬರೋದು ಅಷ್ಟು ಸುಲಭ ಇರಲಿಲ್ಲ.

1980ರಲ್ಲಿ ಜಪಾನಿನ ಮಗು 300 ಯೆನ್‌ಗೆ ‘ಗುಂಡಂ’ ರೋಬೋ ಕಿಟ್ ಕೊಳ್ತಿದ್ದಾಗ, ನಮ್ಮ ದೇಶದಲ್ಲಿ ವಿದೇಶಿ ಆಟಿಕೆ ಅಂದರೆ ಗಲ್ಫ್‌ನಿಂದ ಭಾವ ಬರಬೇಕು. ಗ್ರಾಹಕ ವಸ್ತುಗಳ ಆಮದಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ನಮ್ಮ ಕಡೆಯವರಿಗೆ ಇನ್ನೊಂದು ಬಾಗಿಲೂ ಮುಚ್ಚಿತ್ತು. ಬೆಳೆದ ಕಾಫಿಯನ್ನ ಬೆಳೆಗಾರ ತಾನೇ ಮಾರುವಂತಿರಲಿಲ್ಲ, ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಅದು 1992ರಿಂದ ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಮುಕ್ತವಾಯ್ತು. ಆಮದಿನ ಕಡೆ, ಪರಿಮಾಣ ನಿರ್ಬಂಧದ ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದ 715 ಸರಕುಗಳ ಮೇಲಿನ ತಡೆಯನ್ನ 2001ರ ಏಪ್ರಿಲ್ 1ರಂದು ತೆಗೆದರು. ಐದು ವರ್ಷದ ಅಂತರದಲ್ಲಿ ಎರಡೂ ಬಾಗಿಲು ತೆರೆದವು. ಆದರೆ 2001ರ ಹೊತ್ತಿಗೆ ಕಾಫಿ ಬೆಲೆ ನೆಲಕಚ್ಚಿತ್ತು. ಕೊಳ್ಳಬಹುದಾಗಿದ್ದಾಗ ಕೊಳ್ಳುವ ಕೈ ಖಾಲಿ.

ಹಾಗಂತ ಆಕಾಶದ ಕುತೂಹಲಕ್ಕೆ ಇಲ್ಲಿ ಬರ ಇರಲಿಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ‘ಫ್ಲೈಯಿಂಗ್ ಸಾಸರ್ಸ್’ ಅಂತ ಹಾರುವ ತಟ್ಟೆಗಳ ಬಗ್ಗೆಯೇ ಕನ್ನಡದಲ್ಲಿ ಪುಸ್ತಕ ಮಾಡಿದರು. 80ರ ದಶಕದಲ್ಲಿ ದೂರದರ್ಶನ ‘ಸ್ಟಾರ್ ಟ್ರೆಕ್’ ತೋರಿಸಿತು. ನಮ್ಮ ಗುಂಪಿನ ಹಿರಿಯರು ಅದನ್ನ ನೋಡಿದ್ದು ಕುದುರೆಮುಖದಲ್ಲಿ. ಅವರನ್ನ ನಾವೆಲ್ಲ ‘ಮಾಮ’ ಅಂತೀವಿ.

ಮಾಮ ಅಲ್ಲಿನ ಕಬ್ಬಿಣದ ಅದಿರು ಗಣಿಯಲ್ಲಿ ಫಿಟ್ಟರ್. ಬೆಟ್ಟದ ಮೇಲೆ ಕನ್ವೇಯರ್ ಬೆಲ್ಟು, ಅದಿರು ಅರೆಯುವ ಗಿರಣಿ, ಎತ್ತ ನೋಡಿದರೂ ಪೈಪು. ಅರೆದ ಅದಿರು ನೀರಿನ ಜೊತೆ ಸೇರಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗ್ತಿತ್ತು. “ಅಲ್ಲಿ ಪಾಳಿ ಮಾಡಿದವನಿಗೆ ನಿಮ್ಮ ಸ್ಟಾರ್ ವಾರ್ಸ್ ಹಡಗು ಎಂತ ಹೊಸತು ಮಾರಾಯ? ಎಣ್ಣೆ ಜಿಡ್ಡು, ತುಕ್ಕು, ಪೈಪು. ನಮ್ಮ ಪ್ಲಾಂಟೇ ಹಾರಿದ ಹಾಗೆ” ಅಂತಾರೆ. ಹಡಗಿಗೆ ತುಕ್ಕು ಎಲ್ಲಿ ಹಿಡಿಯುತ್ತೆ, ಯಾವ ಬೋಲ್ಟಿನ ಕೆಳಗೆ ನೀರು ಇಳಿದು ಗೀರು ಬೀಳುತ್ತೆ ಅಂತ ನಮಗೆ ಹೇಳಿಕೊಟ್ಟವರು ಅವರೇ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ, ಭದ್ರೆಯ ದೃಷ್ಟಿಯಿಂದ ಅದು ಆಗಬೇಕಿತ್ತು. ಅದನ್ನ ಮಾಮನೂ ಒಪ್ತಾರೆ. ಟೌನ್‌ಶಿಪ್ ಖಾಲಿಯಾಯ್ತು. ಅವರು ಕಳಸಕ್ಕೆ ತಂದ ಸಾಮಾನಿನಲ್ಲಿ, 1986ರಲ್ಲಿ ಭಾವ ಗಲ್ಫ್‌ನಿಂದ ತಂದುಕೊಟ್ಟಿದ್ದ ಒಂದು ಗಗನನೌಕೆಯ ಕಿಟ್ ಇತ್ತು. ತೆರೆಯದ ಡಬ್ಬಿ.

ಅದನ್ನ ಅವರು ನಮಗೆ ತೋರಿಸಿದ್ದು ಮೊನ್ನೆ ಮೊನ್ನೆ. ಅಲ್ಲಿವರೆಗೆ ನಾವು ಕಟ್ಟಿದ್ದೆಲ್ಲ ಹೆಚ್ಚಾಗಿ ಕೈಗೆ ಸಿಕ್ಕ ಸಾಮಾನಿಂದಲೇ. ಸ್ಪ್ರಿಂಕ್ಲರ್ ನಾಜಲ್ ಎಂಜಿನ್ ಆಗುತ್ತೆ. ಡ್ರಿಪ್ ಪೈಪಿನ ಕನೆಕ್ಟರ್, ಖಾಲಿ ರೀಫಿಲ್, ಕೆಮ್ಮಿನ ಔಷಧಿಯ ಅಳತೆ ಮುಚ್ಚಳ, ಸತ್ತ ಮೊಬೈಲಿನ ಒಳಗಿನ ತಗಡು ಎಲ್ಲ ಗ್ರೀಬ್ಲಿ. ಒಮ್ಮೆ ತುಕ್ಕಿನ ಬಣ್ಣಕ್ಕೆ ಅಂತ ಕಾಫಿ ಡಿಕಾಕ್ಷನ್ ಬಳಿದ್ವಿ. ಯಾರೋ ಬೆಲ್ಲ ಹಾಕಿದ ಲೋಟದಿಂದ ತಗೊಂಡಿದ್ದರು, ಮರುದಿನ ಹಡಗಿನ ತುಂಬ ಇರುವೆ.

ಕಿಟ್ ತರಿಸಬಹುದಲ್ಲ ಅಂತೀರಾ? ಇಲ್ಲಿ ಮತ್ತೆ ಕಸ್ಟಮ್ಸ್ ಬರುತ್ತೆ. ಸುಂಕದ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಗೊಂಬೆ, ಮಕ್ಕಳ ಮೂರುಗಾಲಿ ಸೈಕಲ್, ಒಗಟಿನ ಆಟಗಳ ಜೊತೆಗೇ ‘ಅಳತೆಗೆ ತಕ್ಕ ಮಾದರಿ’ಗಳೂ ಇವೆ. ಅದರ ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯ್ತು. ವ್ಯಾಪಾರಕ್ಕೆ ತರಿಸುವ 2,000 ರೂಪಾಯಿ ಕಿಟ್‌ಗೆ ಆ ದರದಲ್ಲಿ ಮೂಲ ಸುಂಕವೇ 1,400. ಅದರ ಮೇಲೆ ಜಿಎಸ್‌ಟಿ, ಕೊರಿಯರ್. ಚನ್ನಪಟ್ಟಣದ ಗೊಂಬೆ ಮಾಡೋರಿಗೆ, ಇಲ್ಲಿನ ಆಟಿಕೆ ಕಾರ್ಖಾನೆಗಳಿಗೆ ಇದರಿಂದ ಅನುಕೂಲ ಆಗೋದಾದ್ರೆ ನನಗೆ ತಕರಾರಿಲ್ಲ. ಆದರೆ 14 ವರ್ಷದೊಳಗಿನವರಿಗಲ್ಲ ಅಂತ ಡಬ್ಬಿ ಮೇಲೇ ಅಚ್ಚಾದ ಸಾಮಾನನ್ನೂ ಸುಂಕದ ಪುಸ್ತಕ ಮಕ್ಕಳ ಗೊಂಬೆಯ ಸಾಲಿನಲ್ಲೇ ಕೂರಿಸಿದೆ.

ಹಾಗಾಗಿ ಮಾಮ ಡಬ್ಬಿ ತಂದಾಗ ನನ್ನ ತಲೆ ಲೆಕ್ಕಕ್ಕೇ ಹೋಯ್ತು. “ಮಾಮ, ಸೀಲ್ ಒಡೀಬೇಡಿ. ಹೊರಗಡೆ ಇದನ್ನ ಸಂಗ್ರಹ ಮಾಡೋರಿದ್ದಾರೆ. ಮಾರಿದರೆ ನಮಗೆಲ್ಲ ಒಂದೊಂದು ಹೊಸ ಕಿಟ್ ಬರಬಹುದು” ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮಾರೋಕಂತ ಇಟ್ಟಿದ್ದಲ್ಲ ಮಗಾ. ಡಬ್ಬಿ ಮೇಲೆ ಬರೆದಿದೆ ನೋಡು, ಅಂಟು ಬಣ್ಣ ಪ್ರತ್ಯೇಕ ಅಂತ. ಆಗ ಕಳಸದಲ್ಲಿ ಸಿಗ್ತಿದ್ದದ್ದು ಬಾಗಿಲಿಗೆ ಹೊಡೆಯೋ ಬಣ್ಣ. ಸರಿಯಾದ್ದು ಸಿಗಲಿ ಅಂತ ಕಾದೆ. ಈಗ ಸಿಗ್ತದೆ, ಕೈ ನಡುಗ್ತದೆ” ಅಂದರು.

ಆಮೇಲೆ ನಾನು ಬೆಲೆಯ ಮಾತು ಎತ್ತಲಿಲ್ಲ. ಡಬ್ಬಿಯನ್ನ ಅವರ ಕೈಯಲ್ಲೇ ತೆರೆಸಿದ್ವಿ.

ಅದು ಜೂನ್. ಮಳೆಗಾಲದಲ್ಲಿ ಸ್ಪ್ರೇ ಹೊಡೆದರೆ ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬೂದಿ ಬಳಿದ ಹಾಗೆ ಬಿಳಿ ಮಂಕು ಕೂರುತ್ತೆ. ಹಾಗಾಗಿ ಮೊದಲ ನಾಲ್ಕು ತಿಂಗಳು ಬರೀ ಕತ್ತರಿಸೋದು, ಉಜ್ಜೋದು, ಸಂದಿಗೆ ಪುಟ್ಟಿ ತುಂಬೋದು. ಆ ನೌಕೆಯ ವಿನ್ಯಾಸವೇ ಹಾಗೆ, ಎರಡು ತೆಳು ಕಂಬಗಳ ತುದಿಯಲ್ಲಿ ಎರಡು ಉದ್ದ ಎಂಜಿನ್. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ವರ್ಷ ಕಳೆದ ಹಾಗೆ ಭಾರಕ್ಕೆ ಜೋತುಬೀಳುತ್ತೆ. ಮಾಮ ನೋಡಿದವರೇ, “ಸೈಕಲ್ ಕಡ್ಡಿ ತಗೊಂಡು ಬಾ” ಅಂದರು. ನಡುಗುವ ಕೈಯಲ್ಲೇ ಕಂಬದ ಒಳಗೆ ಕೈ ಡ್ರಿಲ್ಲಿನಲ್ಲಿ ತೂತು ಕೊರೆದರು. ಬಣ್ಣದ ಕುಂಚ ಹಿಡಿದಾಗ ನಡುಗುವ ಕೈ ಡ್ರಿಲ್ ಹಿಡಿದಾಗ ಗಟ್ಟಿಯಾಗಿತ್ತು. ನಾವ್ಯಾರೂ ಅದರ ಬಗ್ಗೆ ಏನೂ ಹೇಳಲಿಲ್ಲ. ಕಡ್ಡಿ ಕಂಬ ದಾಟಿ ಹಡಗಿನ ಹೊಟ್ಟೆವರೆಗೂ ಹೋಗಿ ಕೂತಿತು.

ಮಳೆ ನಿಂತ ಮೇಲೆ ಬಣ್ಣ. ಡಿಸೆಂಬರಿನಲ್ಲಿ ಕಾಫಿ ಕಣಕ್ಕೆ ಬಂದಾಗ ಡಿಕಾಲ್ ಕೂಡ ಬಂತು. ಸಂಜೆ ಪಾರ್ಚ್‌ಮೆಂಟ್ ರಾಶಿ ಮಾಡಿ ಟಾರ್ಪಾಲ್ ಮುಚ್ಚುವಾಗ ಗಾಜನ್ನೂ ಒಳಗೆ ಇಡ್ತಿದ್ವಿ, ಬೆಳಿಗ್ಗೆ ಮತ್ತೆ ಹೊರಗೆ. ಜಾತಕವಾ ಅಂತ ಕೇಳಿದ ಅಕ್ಕನೇ ಮೂರನೇ ದಿನದಿಂದ ನೆರಳು ಬಿದ್ದಾಗ ಗಾಜನ್ನ ಪಕ್ಕಕ್ಕೆ ಸರಿಸಿ ಇಡೋಕೆ ಶುರು ಮಾಡಿದರು. ಎರಡು ವಾರಕ್ಕೆ ಹಳದಿ ಬಹುಪಾಲು ಹೋಯ್ತು.

ಹಳೇ ಡಿಕಾಲ್ ನೀರಿಗೆ ಹಾಕಿದ ಕೂಡಲೇ ಚೂರುಚೂರಾಗುವ ಸಾಧ್ಯತೆ ಇರುತ್ತೆ. ಮೇಲೆ ಒಂದು ಪದರ ವಾರ್ನಿಷ್ ಹೊಡೆದು, ಬೇಡದ ಒಂದು ತುಂಡನ್ನ ಮೊದಲು ಪರೀಕ್ಷೆ ಮಾಡಿದ್ವಿ. ಉಳಿಯಿತು. ಹೆಸರು ಕೂತಿತು, ಪಟ್ಟಿಗಳು ಕೂತವು. ಕೊನೇ ನಂಬರು ಮಾತ್ರ ಒಡೆದು ಎರಡಾಯ್ತು. ಪ್ರಿಂಟ್ ಹಾಕಿಸಿ ಹೊಸದು ಅಂಟಿಸೋಣ ಅಂದೆ. ಮಾಮ ಎರಡೂ ಚೂರನ್ನ ತಾವೇ ಒದ್ದೆ ಕುಂಚದಲ್ಲಿ ತಳ್ಳಿ ತಳ್ಳಿ ಜೋಡಿಸಿದರು. ಅರ್ಧ ಗಂಟೆ ಹಿಡಿಯಿತು. ಹತ್ತಿರದಿಂದ ನೋಡಿದರೆ ಗೀರು ಕಾಣುತ್ತೆ.

ಈಗ ಅದು ಕಳಸದ ಅವರ ಮನೆಯಲ್ಲಿ, ಟಿವಿ ಪಕ್ಕದ ಕಪಾಟಿನಲ್ಲಿದೆ. ಎಂಜಿನ್ ಇನ್ನೂ ಜೋತುಬಿದ್ದಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಯಾವುದೋ ಒಳ್ಳೆ ಕಾಲಕ್ಕೆ ಅಂತ ಎತ್ತಿಟ್ಟ ಡಬ್ಬಿ ಇದ್ದರೆ ಈ ವಾರ ಇಳಿಸಿ ನೋಡಿ. ಮತ್ತೆ ನಮ್ಮ ಕಡೆಯವರಾಗಿದ್ದರೆ, ಬಣ್ಣದ ಕೆಲಸವನ್ನ ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗ್ತೀನಿ.